ಹೃದಯ ವೈಫಲ್ಯ: ಮಿಡಿತದ ವಿದ್ಯುತ್ತು ಮತ್ತು ನರಗಳ ಹತೋಟಿ

ಹೃದಯ ವೈಫಲ್ಯ ಎಂಬ ಮಾತನ್ನು ಕೇಳಿದೊಡನೆ ಹೃದಯವು ನಿಂತೇ ಹೋಯಿತೆಂದು ಭಾವಿಸುವವರು ಬಹಳ ಮಂದಿ. ಈ ಭಾವನೆ ಸರಿಯಲ್ಲ. ಮೂರು ಬೇರೆ ಬೇರೆ ಸ್ಥಿತಿಗಳನ್ನು ಜನಸಾಮಾನ್ಯರು ಒಂದೇ ಎಂದು ತಿಳಿಯುವುದುಂಟು. ಹೃದಯದ ಸ್ನಾಯುವಿಗೆ ರಕ್ತವನ್ನು ಒದಗಿಸುವ ಕರೋನರಿ ಧಮನಿಯು ಮುಚ್ಚಿಕೊಂಡು, ಆ ಭಾಗದ ಸ್ನಾಯುವು ನಾಶವಾಗುವುದು ಹೃದಯಾಘಾತ. ಮಿಡಿತವು ಇದ್ದಕ್ಕಿದ್ದಂತೆ ನಿಂತುಹೋಗುವುದು ಅಥವಾ ರಕ್ತವನ್ನು ತಳ್ಳಲಾಗದಷ್ಟು ಅಸ್ತವ್ಯಸ್ತವಾಗುವುದು ಹೃದಯ ಸ್ತಂಭನ. ಹೃದಯ ವೈಫಲ್ಯವಾದರೋ ಇವೆರಡರಿಂದಲೂ ಭಿನ್ನವಾದುದು. ಇಲ್ಲಿ ಹೃದಯವು ಮಿಡಿಯುತ್ತಲೇ ಇರುತ್ತದೆ. ಆದರೆ ಶರೀರಕ್ಕೆ ಬೇಕಾದಷ್ಟು ರಕ್ತವನ್ನು ಸಾಗಿಸಲು ಅದಕ್ಕೆ ಸಾಧ್ಯವಾಗುವುದಿಲ್ಲ.

ಹೃದಯವು ಸೋಲತೊಡಗಿದಾಗ ಶರೀರವು ಸುಮ್ಮನಿರುವುದಿಲ್ಲ. ನರಗಳೂ ಮೂತ್ರಪಿಂಡಗಳೂ ಹಾರ್ಮೋನುಗಳೂ ಒಡನೆಯೇ ಅದರ ನೆರವಿಗೆ ಬರುತ್ತವೆ. ಕೆಲವು ಗಂಟೆಗಳ ಕಾಲ ಪ್ರಾಣವನ್ನು ಕಾಪಾಡುವ ಈ ನೆರವೇ, ತಿಂಗಳುಗಟ್ಟಲೆ ಮುಂದುವರಿದಾಗ, ದುರ್ಬಲವಾದ ಹೃದಯವನ್ನು ಇನ್ನಷ್ಟು ದುರ್ಬಲಗೊಳಿಸುತ್ತದೆ. ಈ ಒಂದು ಸಂಗತಿಯನ್ನು ಅರಿಯಲು ವೈದ್ಯಶಾಸ್ತ್ರಕ್ಕೆ ಬಹುಕಾಲ ಹಿಡಿಯಿತು. ಇಂದಿನ ಚಿಕಿತ್ಸೆಯ ಬಹುಭಾಗವು ಇದೇ ಅರಿವಿನ ಮೇಲೆ ನಿಂತಿದೆ.

ಹೃದಯದ ಕೆಲಸ

ವಯಸ್ಕರ ಹೃದಯವು ಬಿಗಿದ ಮುಷ್ಟಿಗಿಂತ ತುಸು ದೊಡ್ಡದು. ತೂಕ ಸುಮಾರು 300 ಗ್ರಾಂ. ಅದರಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನ ಎರಡಕ್ಕೆ ಹೃತ್ಕರ್ಣಗಳೆಂದೂ ಕೆಳಗಿನ ಎರಡಕ್ಕೆ ಹೃತ್ಕುಕ್ಷಿಗಳೆಂದೂ ಹೆಸರು. ಶರೀರವನ್ನೆಲ್ಲ ಸುತ್ತಿ ಬಂದ ರಕ್ತವನ್ನು ಬಲ ಹೃತ್ಕುಕ್ಷಿಯು ಶ್ವಾಸಕೋಶಗಳಿಗೆ ಕಳುಹಿಸುತ್ತದೆ. ಅಲ್ಲಿ ಆಮ್ಲಜನಕವನ್ನು ಪಡೆದು ಮರಳಿದ ರಕ್ತವನ್ನು ಎಡ ಹೃತ್ಕುಕ್ಷಿಯು ಮಹಾಧಮನಿಯ ಮೂಲಕ ಸಕಲ ಅಂಗಗಳಿಗೂ ತಳ್ಳುತ್ತದೆ.

ವಿಶ್ರಾಂತಿಯಲ್ಲಿರುವಾಗ ಹೃದಯವು ನಿಮಿಷಕ್ಕೆ ಸುಮಾರು 70 ಬಾರಿ ಮಿಡಿಯುತ್ತದೆ. ಅಂದರೆ ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿ. ಪ್ರತಿ ಮಿಡಿತದಲ್ಲಿ ಸುಮಾರು 70 ಮಿಲಿಲೀಟರ್ ರಕ್ತವು ಹೊರಬೀಳುವುದರಿಂದ, ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವು ಶರೀರದಲ್ಲಿ ಸಂಚರಿಸುತ್ತದೆ. ಓಡುವಾಗ, ಭಾರ ಹೊರುವಾಗ, ಇದು ನಾಲ್ಕು ಪಟ್ಟು ಹೆಚ್ಚಬಲ್ಲದು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆರೋಗ್ಯವಂತ ಹೃದಯವೂ ತನ್ನಲ್ಲಿರುವ ರಕ್ತವನ್ನೆಲ್ಲ ಹೊರಕ್ಕೆ ತಳ್ಳುವುದಿಲ್ಲ. ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ 55ರಿಂದ 70 ಭಾಗ ಮಾತ್ರ ಪ್ರತಿ ಮಿಡಿತದಲ್ಲಿ ಹೊರಬೀಳುತ್ತದೆ. ಈ ಪ್ರಮಾಣವನ್ನು ಎಕೋ ಪರೀಕ್ಷೆಯಿಂದ ಅಳೆಯುತ್ತಾರೆ. ವರದಿಯಲ್ಲಿ 60 ಎಂಬ ಅಂಕಿಯನ್ನು ಕಂಡು, ಹೃದಯದಲ್ಲಿ ನೂರಕ್ಕೆ 40 ಭಾಗ ಕೆಟ್ಟಿದೆಯೆಂದು ಕಳವಳಪಡುವವರಿದ್ದಾರೆ. ಅದು ಅಕಾರಣವಾದ ಕಳವಳ. ಈ ಅಂಕಿಯು 40 ಅಥವಾ ಅದಕ್ಕಿಂತ ಕೆಳಗೆ ಇಳಿದಾಗ ಹೃದಯದ ಸಂಕೋಚನಶಕ್ತಿ ಕುಂದಿದೆಯೆಂದು ತಿಳಿಯಬೇಕು. ಮತ್ತೆ ಕೆಲವರಲ್ಲಿ ಸಂಕೋಚನವು ಸರಿಯಾಗಿದ್ದರೂ ಹೃದಯದ ಗೋಡೆಯು ಬಿರುಸಾಗಿ, ರಕ್ತವು ಸಲೀಸಾಗಿ ತುಂಬಿಕೊಳ್ಳುವುದಿಲ್ಲ. ಇದೂ ಹೃದಯ ವೈಫಲ್ಯದ ಒಂದು ಬಗೆಯೇ. ವಯಸ್ಸಾದವರಲ್ಲಿ, ದೀರ್ಘಕಾಲದ ರಕ್ತದೊತ್ತಡ ಅಥವಾ ಮಧುಮೇಹ ಉಳ್ಳವರಲ್ಲಿ ಇದು ಹೆಚ್ಚು.

ಮಿಡಿತದ ಮೂಲ

ಕೈಕಾಲುಗಳ ಸ್ನಾಯುಗಳು ನರದ ಆಜ್ಞೆಯಿಲ್ಲದೆ ಕದಲುವುದಿಲ್ಲ. ಹೃದಯವು ಹಾಗಲ್ಲ. ಕಪ್ಪೆಯ ಹೃದಯವನ್ನು ಹೊರತೆಗೆದು ತಕ್ಕ ಲವಣದ್ರಾವಣದಲ್ಲಿ ಇರಿಸಿದರೆ ಅದು ಬಹಳ ಹೊತ್ತು ತಾನಾಗಿಯೇ ಮಿಡಿಯುತ್ತದೆ. ಮಿಡಿತಕ್ಕೆ ಬೇಕಾದ ವಿದ್ಯುತ್ ಪ್ರೇರಣೆಯು ಹೃದಯದೊಳಗೇ ಹುಟ್ಟುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಜೀವಕೋಶದ ಪೊರೆಯ ಒಳಗೂ ಹೊರಗೂ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಮುಂತಾದ ಅಯಾನುಗಳು ಬೇರೆ ಬೇರೆ ಪ್ರಮಾಣದಲ್ಲಿವೆ. ಇದರಿಂದಾಗಿ ಪೊರೆಯ ಇಬ್ಬದಿಗಳ ನಡುವೆ ಅತ್ಯಲ್ಪವಾದ ವಿದ್ಯುತ್ ಅಂತರವು ಏರ್ಪಟ್ಟಿರುತ್ತದೆ. ಪ್ರೇರಣೆ ಬಂದಾಗ ಪೊರೆಯಲ್ಲಿರುವ ಸೂಕ್ಷ್ಮ ದ್ವಾರಗಳು ತೆರೆದು ಸೋಡಿಯಂ ಒಳನುಗ್ಗುತ್ತದೆ. ಹಿಂದೆಯೇ ಕ್ಯಾಲ್ಸಿಯಂ ಒಳಸೇರಿ ಸ್ನಾಯುತಂತುಗಳನ್ನು ಸಂಕೋಚಿಸುತ್ತದೆ. ಕೊನೆಗೆ ಪೊಟ್ಯಾಸಿಯಂ ಹೊರಹರಿದು ಕೋಶವು ಮೊದಲಿನ ಸ್ಥಿತಿಗೆ ಮರಳುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಬಹಳ ಏರಿದರೂ ಬಹಳ ಇಳಿದರೂ ಮಿಡಿತದ ಲಯ ಕೆಡುವುದು ಈ ಕಾರಣದಿಂದಲೇ.

ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಸೈನಸ್ ಗಂಟು ಎಂಬ ಪುಟ್ಟ ಕೋಶಸಮೂಹವಿದೆ. ಇಲ್ಲಿನ ಕೋಶಗಳು ಹೊರಗಿನ ಪ್ರೇರಣೆಗಾಗಿ ಕಾಯುವುದಿಲ್ಲ. ಅಯಾನುಗಳು ಮೆಲ್ಲಮೆಲ್ಲನೆ ಒಳಕ್ಕೆ ಸೋರುತ್ತ, ಒಂದು ಮಟ್ಟವನ್ನು ಮುಟ್ಟಿದೊಡನೆ ಈ ಕೋಶಗಳು ತಾವಾಗಿಯೇ ವಿದ್ಯುತ್ ಅಲೆಯನ್ನು ಹೊರಡಿಸುತ್ತವೆ. ಆ ಅಲೆಯು ಮೊದಲು ಹೃತ್ಕರ್ಣಗಳಲ್ಲಿ ಹರಡುತ್ತದೆ. ಆಮೇಲೆ ಹೃತ್ಕರ್ಣ ಹೃತ್ಕುಕ್ಷಿಗಳ ನಡುವಿನ ಎ.ವಿ. ಗಂಟನ್ನು ತಲುಪಿ, ಅಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ತಡೆಯುತ್ತದೆ. ಮೇಲಿನ ಕೋಣೆಗಳ ರಕ್ತವು ಕೆಳಗಿನ ಕೋಣೆಗಳಿಗೆ ಇಳಿಯಲು ಈ ತಡವು ಅವಶ್ಯಕ. ಅನಂತರ ಅಲೆಯು ಹಿಸ್ ಕಟ್ಟು ಮತ್ತು ಅದರ ಎಡಬಲ ಕವಲುಗಳಲ್ಲಿ ಸಾಗಿ, ಪರ್ಕಿಂಜೆ ತಂತುಗಳ ಮೂಲಕ ಎರಡು ಹೃತ್ಕುಕ್ಷಿಗಳನ್ನೂ ಹೆಚ್ಚುಕಡಿಮೆ ಏಕಕಾಲಕ್ಕೆ ಸಂಕೋಚಿಸುತ್ತದೆ.

ಈ ದಾರಿಯನ್ನು ವಿಜ್ಞಾನಿಗಳು ಕೆಳಗಿನಿಂದ ಮೇಲಕ್ಕೆ ಕಂಡುಕೊಂಡರು ಎಂಬುದು ಸ್ವಾರಸ್ಯಕರ. ಪರ್ಕಿಂಜೆ ತಂತುಗಳು 1839ರಲ್ಲಿ, ಹಿಸ್ ಕಟ್ಟು 1893ರಲ್ಲಿ, ಎ.ವಿ. ಗಂಟು 1906ರಲ್ಲಿ ಜಪಾನಿನ ತವಾರಾ ಅವರಿಂದ, ಎಲ್ಲಕ್ಕೂ ಮೂಲವಾದ ಸೈನಸ್ ಗಂಟು 1907ರಲ್ಲಿ ಇಂಗ್ಲೆಂಡಿನ ಕೀತ್ ಮತ್ತು ಫ್ಲ್ಯಾಕ್ ಅವರಿಂದ ಬೆಳಕಿಗೆ ಬಂದವು.

ಈ ಅಲೆಯನ್ನು ಚರ್ಮದ ಮೇಲಿನಿಂದಲೇ ಗುರುತಿಸಬಹುದೆಂದು 1887ರಲ್ಲಿ ಲಂಡನ್ನಿನ ಅಗಸ್ಟಸ್ ವಾಲರ್ ತೋರಿಸಿದರು. ಹಾಲೆಂಡಿನ ವಿಲೆಂ ಐಂತೋವನ್ ಇದನ್ನು ನಿಖರವಾಗಿ ದಾಖಲಿಸುವ ಉಪಕರಣವನ್ನು ರಚಿಸಿ 1924ರ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು. ಇಂದು ಸಣ್ಣ ಊರಿನ ಚಿಕಿತ್ಸಾಲಯಗಳಲ್ಲಿಯೂ ದೊರೆಯುವ ಇ.ಸಿ.ಜಿ. ಪರೀಕ್ಷೆಯು ಅದರ ಫಲವೇ. ಆದರೆ ಇ.ಸಿ.ಜಿ.ಯು ತಿಳಿಸುವುದು ವಿದ್ಯುತ್ತಿನ ಹಾದಿಯನ್ನೇ ಹೊರತು ಸ್ನಾಯುವಿನ ಬಲವನ್ನಲ್ಲ. ಬಲವನ್ನು ಅಳೆಯಲು ಎಕೋ ಪರೀಕ್ಷೆಯೇ ಬೇಕು.

ಎರಡು ಬಗೆಯ ನರಗಳು

ಮಿಡಿತವು ಹೃದಯದ್ದೇ ಆದರೂ ಅದರ ವೇಗವನ್ನು ಹೆಚ್ಚುಕಡಿಮೆ ಮಾಡುವ ಅಧಿಕಾರವು ನರಗಳಿಗಿದೆ. ಮನುಷ್ಯನ ಇಚ್ಛೆಗೆ ಒಳಪಡದೆ, ಹಗಲಿರುಳೂ ತಾನಾಗಿಯೇ ಕೆಲಸ ಮಾಡುವ ನರಗಳ ಈ ವ್ಯವಸ್ಥೆಗೆ ಸ್ವಾಯತ್ತ ನರವ್ಯೂಹ ಎಂದು ಹೆಸರು. ಇದರಲ್ಲಿ ಎರಡು ಶಾಖೆಗಳಿವೆ. ಅನುವೇದನಾ ನರಗಳು ನಾರಡ್ರಿನಲಿನ್ ಎಂಬ ದ್ರವ್ಯವನ್ನು ಸ್ರವಿಸಿ ಮಿಡಿತದ ವೇಗವನ್ನೂ ಬಲವನ್ನೂ ಹೆಚ್ಚಿಸುತ್ತವೆ. ಪರಾನುವೇದನಾ ಶಾಖೆಗೆ ಸೇರಿದ ವೇಗಸ್ ನರವು ಮಿದುಳಿನಿಂದ ಇಳಿದು ಬಂದು ಮಿಡಿತವನ್ನು ನಿಧಾನಗೊಳಿಸುತ್ತದೆ. ಗಾಡಿಯ ಎತ್ತಿಗೆ ಬಾರುಕೋಲೂ ಮೂಗುದಾರವೂ ಇರುವಂತೆ ಹೃದಯಕ್ಕೆ ಇವೆರಡು.

ವೇಗಸ್ ನರವನ್ನು ಪ್ರಚೋದಿಸಿದರೆ ಹೃದಯವು ನಿಧಾನವಾಗುವುದೆಂದು ವೇಬರ್ ಸಹೋದರರು 1845ರಲ್ಲಿ ತೋರಿಸಿದ್ದರು. ಆದರೆ ನರದ ಸಂದೇಶವು ಹೃದಯಕ್ಕೆ ಹೇಗೆ ಮುಟ್ಟುತ್ತದೆ ಎಂಬುದು ತಿಳಿದಿರಲಿಲ್ಲ. ಆಸ್ಟ್ರಿಯಾದ ಆಟೊ ಲೋವಿ 1921ರಲ್ಲಿ ಪ್ರಕಟಿಸಿದ ಪ್ರಯೋಗವು ಇದಕ್ಕೆ ಉತ್ತರ ನೀಡಿತು. ಅವರು ಕಪ್ಪೆಯ ಹೃದಯವೊಂದರ ವೇಗಸ್ ನರವನ್ನು ಪ್ರಚೋದಿಸಿ ಮಿಡಿತವನ್ನು ತಗ್ಗಿಸಿದರು. ಅನಂತರ ಆ ಹೃದಯದಲ್ಲಿದ್ದ ದ್ರಾವಣವನ್ನು ಮತ್ತೊಂದು ಹೃದಯಕ್ಕೆ ಸೇರಿಸಿದರು. ಯಾವ ನರದ ಸಂಪರ್ಕವೂ ಇಲ್ಲದ ಆ ಎರಡನೆಯ ಹೃದಯವೂ ನಿಧಾನವಾಯಿತು! ಸಂದೇಶವನ್ನು ಒಯ್ಯುವುದು ಒಂದು ರಾಸಾಯನಿಕ ದ್ರವ್ಯವೆಂಬುದು ಇದರಿಂದ ಖಚಿತವಾಯಿತು. ಆ ದ್ರವ್ಯವು ಅಸಿಟೈಲ್‌ಕೋಲಿನ್ ಎಂದು ಮುಂದೆ ತಿಳಿದುಬಂದಿತು. ಲೋವಿ ಮತ್ತು ಹೆನ್ರಿ ಡೇಲ್ 1936ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ನರಗಳ ಹತೋಟಿಯೇ ಇಲ್ಲದಿದ್ದರೆ ಹೃದಯವು ನಿಮಿಷಕ್ಕೆ ಸುಮಾರು 100 ಬಾರಿ ಮಿಡಿಯುತ್ತಿತ್ತು. ವಿಶ್ರಾಂತಿಯಲ್ಲಿ ಅದನ್ನು 70ಕ್ಕೆ ಇಳಿಸಿರುವುದು ವೇಗಸ್ ನರ. ಬದಲಿ ಹೃದಯವನ್ನು ಪಡೆದವರಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಭಾರತದಲ್ಲಿ ಮೊದಲ ಯಶಸ್ವಿ ಹೃದಯ ಕಸಿಯು 1994ರ ಆಗಸ್ಟ್ 3ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಡಾ. ಪಿ. ವೇಣುಗೋಪಾಲ್ ಅವರ ನೇತೃತ್ವದಲ್ಲಿ ನಡೆಯಿತು. ಕಸಿ ಮಾಡುವಾಗ ನರಗಳು ಕತ್ತರಿಸಿಹೋಗುವುದರಿಂದ ಹೊಸ ಹೃದಯವು ಸುಮ್ಮನೆ ಕುಳಿತಾಗಲೂ ನಿಮಿಷಕ್ಕೆ 90ರಿಂದ 110 ಬಾರಿ ಮಿಡಿಯುತ್ತದೆ.

ಈ ಎರಡು ನರಗಳ ಸಮತೋಲವನ್ನು ಕಾಯಲು ಕತ್ತಿನ ಧಮನಿಗಳಲ್ಲಿಯೂ ಮಹಾಧಮನಿಯ ಬಾಗಿನಲ್ಲಿಯೂ ಒತ್ತಡವನ್ನು ಅರಿಯುವ ಸೂಕ್ಷ್ಮ ನರತುದಿಗಳಿವೆ. ರಕ್ತದೊತ್ತಡ ಇಳಿದರೆ ಅವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಒಡನೆ ಅನುವೇದನಾ ನರಗಳು ಚುರುಕಾಗುತ್ತವೆ. ಮಲಗಿದ್ದವರು ಎದ್ದು ನಿಂತಾಗ ತಲೆ ಸುತ್ತದಿರುವುದು ಈ ಏರ್ಪಾಡಿನಿಂದಲೇ.

ನೆರವು ಹೊರೆಯಾಗುವ ಬಗೆ

ಹೃದಯವು ಸೋಲಲು ಕಾರಣಗಳು ಹಲವು. ಹೃದಯಾಘಾತದಿಂದ ಸ್ನಾಯು ನಷ್ಟವಾಗುವುದು, ಹತೋಟಿಗೆ ಬಾರದ ರಕ್ತದೊತ್ತಡ, ಮಧುಮೇಹ, ಬಾಲ್ಯದ ಸಂಧಿವಾತ ಜ್ವರದಿಂದ ಕವಾಟಗಳು ಕೆಡುವುದು, ವೈರಾಣುವಿನ ಸೋಂಕು, ಅತಿಯಾದ ಮದ್ಯಪಾನ ಇವು ಮುಖ್ಯವಾದವು. ಕೇರಳದ ತಿರುವನಂತಪುರದಲ್ಲಿ 2013ರಲ್ಲಿ ಹೃದಯ ವೈಫಲ್ಯದಿಂದ ಆಸ್ಪತ್ರೆಗೆ ಸೇರಿದ 1205 ರೋಗಿಗಳ ವಿವರಗಳನ್ನು ದಾಖಲಿಸಲಾಯಿತು. ಅವರ ಸರಾಸರಿ ವಯಸ್ಸು ಸುಮಾರು 61 ವರ್ಷ. ನೂರಕ್ಕೆ ಸುಮಾರು 72 ಮಂದಿಯಲ್ಲಿ ಕರೋನರಿ ಧಮನಿಯ ರೋಗವೇ ಮೂಲಕಾರಣವಾಗಿತ್ತು. ಪಾಶ್ಚಾತ್ಯ ದೇಶಗಳಲ್ಲಿ ಇಂಥ ರೋಗಿಗಳ ಸರಾಸರಿ ವಯಸ್ಸು 70ನ್ನು ಮೀರಿರುತ್ತದೆ. ನಮ್ಮ ದೇಶದಲ್ಲಿ ಸಂಸಾರದ ಹೊಣೆ ಇನ್ನೂ ಮುಗಿಯದ ವಯಸ್ಸಿನಲ್ಲಿಯೇ ಈ ರೋಗವು ಬರುತ್ತಿದೆ.

ಕಾರಣ ಯಾವುದೇ ಆಗಿರಲಿ, ಮುಂದಿನ ಕ್ರಮ ಒಂದೇ. ಹೃದಯವು ತಳ್ಳುವ ರಕ್ತ ಕಡಿಮೆಯಾದಾಗ, ಗಾಯದಿಂದ ರಕ್ತ ಸೋರಿಹೋಗುತ್ತಿದೆಯೋ ಎಂಬಂತೆ ಶರೀರವು ವರ್ತಿಸುತ್ತದೆ. ಅನುವೇದನಾ ನರಗಳು ಮಿಡಿತವನ್ನು ಏರಿಸಿ ರಕ್ತನಾಳಗಳನ್ನು ಬಿಗಿಗೊಳಿಸುತ್ತವೆ. ಮೂತ್ರಪಿಂಡಗಳು ರೆನಿನ್ ಎಂಬ ದ್ರವ್ಯವನ್ನು ಸ್ರವಿಸುತ್ತವೆ. ಅದರಿಂದ ಆಂಜಿಯೊಟೆನ್ಸಿನ್ ಎಂಬ, ನಾಳಗಳನ್ನು ಬಿಗಿಯುವ ವಸ್ತುವೂ, ಉಪ್ಪನ್ನು ಶರೀರದಲ್ಲಿ ಹಿಡಿದಿಡುವ ಆಲ್ಡೋಸ್ಟೆರೋನ್ ಹಾರ್ಮೋನೂ ಹೆಚ್ಚುತ್ತವೆ. ಉಪ್ಪಿನೊಡನೆ ನೀರೂ ಉಳಿಯುತ್ತದೆ.

ನಿಜವಾಗಿ ರಕ್ತಸ್ರಾವವಾದಾಗ ಇವೆಲ್ಲವೂ ಪ್ರಾಣರಕ್ಷಕಗಳು. ಇಲ್ಲಿಯಾದರೋ ರಕ್ತವು ಎಲ್ಲಿಯೂ ಸೋರಿಲ್ಲ. ಅದನ್ನು ಸಾಗಿಸುವ ಶಕ್ತಿ ಕುಂದಿದೆ, ಅಷ್ಟೆ. ಬಿಗಿದ ನಾಳಗಳ ವಿರುದ್ಧ ರಕ್ತವನ್ನು ತಳ್ಳಲು ಬಳಲಿದ ಹೃದಯವು ಮತ್ತಷ್ಟು ಶ್ರಮಪಡಬೇಕಾಗುತ್ತದೆ. ಉಳಿದುಕೊಂಡ ನೀರು ಪಾದಗಳಿಗೆ ಇಳಿದು ಬಾವಾಗುತ್ತದೆ. ಶ್ವಾಸಕೋಶಗಳಲ್ಲಿ ತುಂಬಿ ಉಸಿರು ಕಟ್ಟಿಸುತ್ತದೆ. ಎಡೆಬಿಡದೆ ಸುರಿಯುವ ನಾರಡ್ರಿನಲಿನ್ ಹೃದಯದ ಕೋಶಗಳಿಗೆ ವಿಷಪ್ರಾಯವಾಗುತ್ತದೆ. ಕೋಶಗಳು ಸಾಯುತ್ತವೆ, ಹೃತ್ಕುಕ್ಷಿಯು ಹಿಗ್ಗಿ ದುಂಡಗಾಗುತ್ತದೆ, ವಿದ್ಯುತ್ ಅಲೆಯು ದಾರಿ ತಪ್ಪುತ್ತದೆ. ರಕ್ತದಲ್ಲಿ ನಾರಡ್ರಿನಲಿನ್ ಹೆಚ್ಚಾಗಿರುವ ರೋಗಿಗಳು ಬೇಗನೆ ಸಾವಿಗೀಡಾಗುತ್ತಾರೆಂದು ಅಮೆರಿಕದ ಜೇ ಕೋನ್ ಮತ್ತು ಸಹೋದ್ಯೋಗಿಗಳು 1984ರಲ್ಲಿ ತೋರಿಸಿದರು. ಬಳಲಿದ ಎತ್ತಿಗೆ ಬಾರುಕೋಲಿನ ಏಟು ಬೀಳುತ್ತಲೇ ಇತ್ತು.

ಚಿಕಿತ್ಸೆಯಲ್ಲಾದ ತಿರುವು

ಹೃದಯವು ಸೋತಿದ್ದರೆ ಅದಕ್ಕೆ ಹುರುಪು ತುಂಬಬೇಕು ಎಂಬುದು ಸಹಜವಾದ ಯೋಚನೆ. ದೀರ್ಘಕಾಲ ವೈದ್ಯರೂ ಹಾಗೆಯೇ ನಂಬಿದ್ದರು. ಸಂಕೋಚನವನ್ನು ಬಲಪಡಿಸುವ ಮಿಲ್ರಿನೋನ್ ಎಂಬ ಮಾತ್ರೆಯನ್ನು ತೀವ್ರ ಹೃದಯ ವೈಫಲ್ಯವಿದ್ದ ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು 1991ರಲ್ಲಿ ಪ್ರಕಟಿಸಲಾಯಿತು. ಮಾತ್ರೆ ಪಡೆದವರಲ್ಲಿ ಸಾವು ತಗ್ಗುವ ಬದಲು ನೂರಕ್ಕೆ 28ರಷ್ಟು ಹೆಚ್ಚಿತ್ತು.

ಇದಕ್ಕೆ ವಿರುದ್ಧವಾದ ದಾರಿಯೊಂದನ್ನು ಸ್ವೀಡನ್ನಿನ ಯೊತೆಬೋರಿ ನಗರದ ವೈದ್ಯರು ಮೊದಲೇ ಹಿಡಿದಿದ್ದರು. ಅನುವೇದನಾ ನರಗಳ ಪ್ರಭಾವವನ್ನು ಹೃದಯದಲ್ಲಿ ತಡೆಯುವ ಬೀಟಾ ತಡೆ ಔಷಧಗಳನ್ನು ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ರೂಪಿಸಿದ್ದರು. ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಮಿಡಿತವನ್ನು ತಗ್ಗಿಸುವ ಈ ಔಷಧಗಳನ್ನು ಸೋತ ಹೃದಯಕ್ಕೆ ಕೊಡಲೇಬಾರದೆಂಬುದು ಆ ಕಾಲದ ನಿಯಮ. ಫಿನ್ ವಾಗ್‌ಸ್ಟೈನ್ ಮತ್ತು ಸಂಗಡಿಗರು ಏಳು ರೋಗಿಗಳಿಗೆ ಇವನ್ನು ಎಚ್ಚರಿಕೆಯಿಂದ ನೀಡಿ, ಅವರು ಚೇತರಿಸಿಕೊಂಡುದನ್ನು 1975ರಲ್ಲಿ ವರದಿ ಮಾಡಿದರು. ಬಹುಕಾಲ ಅದನ್ನು ನಂಬಿದವರು ವಿರಳ.

ಸಂದೇಹವು ಪರಿಹಾರವಾದುದು 1999ರಲ್ಲಿ. ಆ ವರ್ಷ ಪ್ರಕಟವಾದ ಐರೋಪ್ಯ ಪ್ರಯೋಗವೊಂದರಲ್ಲಿ 2647 ರೋಗಿಗಳು ಭಾಗವಹಿಸಿದ್ದರು. ಬಿಸೊಪ್ರೊಲಾಲ್ ಎಂಬ ಬೀಟಾ ತಡೆ ಔಷಧವನ್ನು ಪಡೆಯದವರಲ್ಲಿ ನೂರಕ್ಕೆ ಸುಮಾರು 17 ಮಂದಿ ತೀರಿಕೊಂಡರೆ, ಪಡೆದವರಲ್ಲಿ ಸುಮಾರು 12 ಮಂದಿ ತೀರಿಕೊಂಡರು. ಲಾಭವು ಅಷ್ಟು ಸ್ಪಷ್ಟವಾಗಿದ್ದುದರಿಂದ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಬಾರುಕೋಲನ್ನು ತಡೆದುದರಿಂದ ಎತ್ತು ಉಳಿಯಿತು.

ಇದೇ ತತ್ತ್ವವು ಇತರ ಔಷಧಗಳಿಗೂ ಅನ್ವಯಿಸುತ್ತದೆ. ಬ್ರೆಜಿಲ್ ದೇಶದ ಜರರಾಕ ಎಂಬ ಹಾವಿನ ವಿಷದ ಅಧ್ಯಯನದಿಂದ ಆಂಜಿಯೊಟೆನ್ಸಿನ್ ತಯಾರಾಗದಂತೆ ತಡೆಯುವ ಔಷಧಗಳು ಹುಟ್ಟಿದವು. ಅವುಗಳಲ್ಲೊಂದಾದ ಎನಲಾಪ್ರಿಲ್, ತೀವ್ರ ಹೃದಯ ವೈಫಲ್ಯದಲ್ಲಿ ಆರು ತಿಂಗಳೊಳಗಿನ ಸಾವನ್ನು ನೂರಕ್ಕೆ 44ರಿಂದ 26ಕ್ಕೆ ಇಳಿಸಿತೆಂದು 1987ರಲ್ಲಿ ತಿಳಿದುಬಂದಿತು. ಆಲ್ಡೋಸ್ಟೆರೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ 1999ರಲ್ಲಿ ತನ್ನ ಉಪಯುಕ್ತತೆಯನ್ನು ಸಾಬೀತುಪಡಿಸಿತು. ಮಧುಮೇಹಕ್ಕೆಂದು ರೂಪಿಸಿದ ಡಾಪಾಗ್ಲಿಫ್ಲೋಜಿನ್, ಮಧುಮೇಹವಿಲ್ಲದ ಹೃದಯ ವೈಫಲ್ಯದ ರೋಗಿಗಳಿಗೂ ನೆರವಾಗುವುದೆಂದು 2019ರಲ್ಲಿ ಕಂಡುಬಂದಿತು. ಸಂಕೋಚನಶಕ್ತಿ ಕುಂದಿದ ರೋಗಿಗಳಿಗೆ ಇಂದು ಈ ನಾಲ್ಕು ಬಗೆಯ ಔಷಧಗಳನ್ನು ಒಟ್ಟಿಗೆ ಕೊಡುವುದು ವಾಡಿಕೆ. ಶರೀರದ ನೀರನ್ನು ಇಳಿಸುವ ಮೂತ್ರಕಾರಕಗಳು ಉಸಿರಾಟವನ್ನು ಹಗುರಗೊಳಿಸುತ್ತವೆ.

ಕೆಲವರಿಗೆ ಔಷಧವಷ್ಟೇ ಸಾಲದು. ಹಿಸ್ ಕಟ್ಟಿನ ಎಡಕವಲು ಕೆಟ್ಟಾಗ ಹೃತ್ಕುಕ್ಷಿಯ ಗೋಡೆಗಳು ಹಿಂದುಮುಂದಾಗಿ ಸಂಕೋಚಿಸಿ ಇದ್ದ ಬಲವೂ ವ್ಯರ್ಥವಾಗುತ್ತದೆ. ಆಗ ಎರಡು ಹೃತ್ಕುಕ್ಷಿಗಳನ್ನೂ ಜೊತೆಜೊತೆಯಾಗಿ ಮಿಡಿಸುವ ವಿಶೇಷ ಪೇಸ್‌ಮೇಕರನ್ನು ಅಳವಡಿಸುತ್ತಾರೆ. ಮಾರಕವಾದ ಲಯದೋಷದ ಭಯವಿರುವವರಿಗೆ, ಅಂಥ ಲಯವನ್ನು ಗುರುತಿಸಿ ವಿದ್ಯುತ್ ಆಘಾತದಿಂದ ಸರಿಪಡಿಸುವ ಸಾಧನವನ್ನು ಎದೆಯ ಚರ್ಮದಡಿ ಇರಿಸುತ್ತಾರೆ. ಇಂಥ ಸಾಧನವನ್ನು ಮನುಷ್ಯನಲ್ಲಿ ಮೊದಲು ಅಳವಡಿಸಿದುದು 1980ರಲ್ಲಿ.

ರೋಗಿಯೂ ಮನೆಯವರೂ ಅರಿತಿರಬೇಕಾದುದು

ಮೆಟ್ಟಿಲು ಹತ್ತುವಾಗ ಏದುಸಿರು, ಸಂಜೆಯ ವೇಳೆಗೆ ಪಾದಗಳ ಬಾವು, ಎರಡು ಮೂರು ದಿಂಬುಗಳಿಲ್ಲದೆ ಮಲಗಲಾಗದಿರುವುದು, ನಡುರಾತ್ರಿ ಉಸಿರುಗಟ್ಟಿ ಎದ್ದು ಕೂರುವುದು, ಕಾರಣವಿಲ್ಲದ ಆಯಾಸ ಇವು ಹೃದಯ ವೈಫಲ್ಯದ ಲಕ್ಷಣಗಳು. ಇವನ್ನು ವಯಸ್ಸಿನ ದೋಷವೆಂದು ತಳ್ಳಿಹಾಕಬಾರದು.

ರೋಗವಿರುವವರು ಪ್ರತಿದಿನ ಬೆಳಿಗ್ಗೆ ಮೂತ್ರವಿಸರ್ಜನೆಯ ಅನಂತರ, ಉಪಾಹಾರಕ್ಕೆ ಮುನ್ನ, ತೂಕ ನೋಡಿ ಬರೆದಿಡುವುದು ಒಳ್ಳೆಯದು. ಮೂರು ದಿನಗಳಲ್ಲಿ ತೂಕವು 2 ಕಿಲೋಗ್ರಾಂನಷ್ಟು ಏರಿದರೆ ಅದು ಕೊಬ್ಬಲ್ಲ, ನೀರು. ಬಾವು ಕಾಣುವ ಮೊದಲೇ ವೈದ್ಯರನ್ನು ಕಾಣಬೇಕು.

ಉಪ್ಪು ಮಿತವಾಗಿರಲಿ. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪನ್ನು ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಅಂಗಡಿಯ ಕುರುಕಲು ತಿಂಡಿ ಇವುಗಳಲ್ಲಿ ಅಡಗಿರುವ ಉಪ್ಪನ್ನೂ ಲೆಕ್ಕಕ್ಕೆ ಹಿಡಿಯಬೇಕು. ಉಪ್ಪಿಗೆ ಬದಲಾಗಿ ಮಾರಾಟವಾಗುವ ಕೆಲವು ಲವಣಗಳಲ್ಲಿ ಪೊಟ್ಯಾಸಿಯಂ ಇರುವುದರಿಂದ ವೈದ್ಯರನ್ನು ಕೇಳದೆ ಅವನ್ನು ಬಳಸುವುದು ಅಪಾಯಕರ. ಮಂಡಿನೋವಿಗೆಂದು ಕೊಳ್ಳುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮುಂತಾದ ಮಾತ್ರೆಗಳು ಉಪ್ಪುನೀರನ್ನು ಶರೀರದಲ್ಲಿ ಉಳಿಸಿ ರೋಗವನ್ನು ಉಲ್ಬಣಗೊಳಿಸುತ್ತವೆ.

ಎಲ್ಲಕ್ಕಿಂತ ಮುಖ್ಯವಾದುದು ಔಷಧದ ಬಗೆಗಿನ ತಿಳಿವಳಿಕೆ. ಬೀಟಾ ತಡೆ ಔಷಧವನ್ನು ಅತ್ಯಲ್ಪ ಪ್ರಮಾಣದಲ್ಲಿ ಆರಂಭಿಸಿ, ಎರಡು ವಾರಗಳಿಗೊಮ್ಮೆ ಮೆಲ್ಲಗೆ ಏರಿಸುತ್ತಾರೆ. ಮೊದಲ ಕೆಲವು ವಾರ ಆಯಾಸವು ಹೆಚ್ಚಿದಂತೆ ತೋರಬಹುದು. ಹೃದಯವು ಹಿಗ್ಗುವುದು ನಿಂತು ಬಲವು ಮರಳಲು ತಿಂಗಳುಗಳೇ ಬೇಕು. ನಾಡಿ ನಿಧಾನವಾಯಿತೆಂದು ಹೆದರಿ, ಇಲ್ಲವೇ ಗುಣವಾಯಿತೆಂದು ಭಾವಿಸಿ, ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ತಡೆಹಿಡಿದಿದ್ದ ಅನುವೇದನಾ ಪ್ರಭಾವವು ಒಮ್ಮೆಗೇ ಹೃದಯದ ಮೇಲೆರಗುತ್ತದೆ; ಇದರಿಂದ ಪ್ರಾಣಾಪಾಯವೂ ಒದಗಬಹುದು. ನಾಡಿಯು ನಿಮಿಷಕ್ಕೆ 50ಕ್ಕಿಂತ ಕೆಳಗಿಳಿದರೆ, ತಲೆ ಸುತ್ತಿದರೆ, ಉಬ್ಬಸ ಕಾಣಿಸಿಕೊಂಡರೆ ವೈದ್ಯರಿಗೆ ತಡಮಾಡದೆ ತಿಳಿಸಬೇಕು. ಪ್ರಮಾಣವನ್ನು ಬದಲಿಸುವುದು ಅವರ ಕೆಲಸ.

ಹಿಂದೆ ಇಂಥ ರೋಗಿಗಳಿಗೆ ಹಾಸಿಗೆಯೇ ಗತಿಯೆನ್ನುತ್ತಿದ್ದರು. ಈಗ ಸ್ಥಿತಿ ಸ್ಥಿರವಾದ ಮೇಲೆ, ವೈದ್ಯರ ಅನುಮತಿಯೊಡನೆ, ಮಾತನಾಡುತ್ತ ನಡೆಯಬಹುದಾದ ವೇಗದ ನಿತ್ಯದ ನಡಿಗೆಯನ್ನು ಸೂಚಿಸುತ್ತಾರೆ. ಇಂಥ ಅಭ್ಯಾಸದಿಂದ ಅನುವೇದನಾ ನರಗಳ ಅಬ್ಬರ ತಗ್ಗಿ ವೇಗಸ್ ನರದ ಹತೋಟಿಯು ಹೆಚ್ಚುತ್ತದೆ. ಸೋತ ಹೃದಯಕ್ಕೆ ಬೇಕಾಗಿರುವುದು ಅವಸರದ ಉತ್ತೇಜನವಲ್ಲ. ಹೊರೆಯನ್ನು ಇಳಿಸಿ ಚೇತರಿಕೆಗೆ ಕೊಡುವ ಕಾಲಾವಕಾಶ. ರೋಗಿಯು ಮಾತ್ರೆಯನ್ನು ತಪ್ಪದೆ ನುಂಗಿ, ಮನೆಯವರು ಅಡುಗೆಯ ಉಪ್ಪನ್ನೂ ಬೆಳಗಿನ ತೂಕವನ್ನೂ ಗಮನಿಸುತ್ತಿದ್ದರೆ ಆ ಅವಕಾಶವು ಅದಕ್ಕೆ ದೊರೆಯುತ್ತದೆ.